ಧೋಫಾರ್‌ನ ಹಸುವಿಗೆ ಬೂತಾಯಿ ಮೇವು

ಹಂದಿ ಸಾಕಣೆಯ ರೂಢಿಯಿಲ್ಲದ ಓಮನ್‌ನಲ್ಲಿ ಹಂದಿಗೆ ಮುಸುರೆ ಹಾಕುವ ನಿಯಮಗಳ ಮಾತು ಅಪ್ರಸ್ತುತವೆನಿಸಬಹುದಾದರೂ, ಮನುಷ್ಯನ ಊಟಕ್ಕೆ ಮಿಕ್ಕದ್ದನ್ನು ಯಾವ ಪ್ರಾಣಿಗೆ ಹೇಗೆ ಉಣಿಸಬೇಕೆಂಬ ಪ್ರಶ್ನೆ ಅಲ್ಲಿಯೂ ಹಳೆಯದೇ. ದಕ್ಷಿಣದ ಧೋಫಾರ್ ಪ್ರಾಂತ್ಯದ ದನಕರುಗಳು ಮೀನು ತಿನ್ನುವುದನ್ನು 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ಬೆರಗಿನಿಂದಲೇ ದಾಖಲಿಸಿದ್ದಾನೆ.

ಆ ಮೀನು ಕರ್ನಾಟಕದ ಕರಾವಳಿಗರು ಬಲ್ಲ ಬೂತಾಯಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತವು ಧೋಫಾರ್‌ನ ಬೆಟ್ಟಗಳಿಗೆ ತುಂತುರು ತಂದು ಹುಲ್ಲು ಚಿಗುರಿಸುತ್ತದೆ. ಆ ಹುಲ್ಲು ತೀರಿದ ಮೇಲೆ, ಮಿರ್ಬಾತ್, ತಾಖಾ ಮೊದಲಾದ ಊರುಗಳ ಕಡಲತಡಿಯಲ್ಲಿ ಹರಡಿ ಬಿಸಿಲಿಗೆ ಒಣಗಿಸಿದ ಮೀನು ಚೀಲಗಳಲ್ಲಿ ಬೆಟ್ಟವೇರಿ ಹಸು, ಒಂಟೆಗಳ ಮೇವಾಗುತ್ತದೆ. ಬೇಗ ಒಣಗಿಸುವುದೇ ಇಲ್ಲಿ ಸುರಕ್ಷತೆಯ ಮೊದಲ ಮೆಟ್ಟಿಲು, ಏಕೆಂದರೆ ತೇವವುಳಿದ ಮೀನಿನಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ವಿಷಕಾರಿ ವಸ್ತುವನ್ನು ಉಂಟುಮಾಡುತ್ತವೆ; ಎಣ್ಣೆಯಂಶ ಹೆಚ್ಚಿರುವ ಬೂತಾಯಿ ಬಹುಕಾಲ ಗಾಳಿಗೆ ತೆರೆದಿದ್ದರೆ ಕಮಟು ಹಿಡಿಯುತ್ತದೆ, ಅಂಟಿದ ಮರಳನ್ನು ಕೊಡವದಿದ್ದರೆ ಅದು ದನದ ಹೊಟ್ಟೆ ಸೇರುತ್ತದೆ. ಇದಲ್ಲದೆ, ಹೊಲಸು ತಿನ್ನುವ ಪ್ರಾಣಿಯನ್ನು 'ಜಲ್ಲಾಲಾ' ಎಂದು ಗುರುತಿಸುವ ಇಸ್ಲಾಮೀ ಧರ್ಮಶಾಸ್ತ್ರವು, ಅದನ್ನು ಕೊಯ್ಯುವ ಮುನ್ನ ಕೆಲವು ದಿನ ಕಟ್ಟಿಹಾಕಿ ಶುದ್ಧ ಮೇವು ಕೊಡಬೇಕೆನ್ನುತ್ತದೆ; ಕೋಳಿಗೆ ಮೂರು ದಿನ, ಒಂಟೆಗೆ ನಲವತ್ತು ಎಂಬುದು ಪ್ರಚಲಿತವಾದ ಒಂದು ಲೆಕ್ಕ.

ಹಂದಿ ಸಾಕುವ ನಾಡುಗಳು ಬೆಂಕಿಯನ್ನು ನೆಚ್ಚಿಕೊಂಡವು. ಮಾಂಸ ಸೋಕಿದ ಮುಸುರೆಯನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕುದಿಸಬೇಕೆಂಬುದು ಅಮೆರಿಕದ 1980ರ ಕಾಯಿದೆಯಿಂದ ಬಂದ ನಿಯಮ. ಕುದಿಸದ ಮುಸುರೆಯಿಂದ ಇಂಗ್ಲೆಂಡಿನ ಒಂದು ಹಂದಿ ಸಾಕಣೆ ಕೇಂದ್ರಕ್ಕೆ ತಗುಲಿತೆಂದು ನಂಬಲಾದ ಕಾಲುಬಾಯಿ ಜ್ವರ 2001ರಲ್ಲಿ ದೇಶವೆಲ್ಲ ಹಬ್ಬಿ, 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಬ್ರಿಟನ್ ಮುಸುರೆ ಹಾಕುವ ಪದ್ಧತಿಯನ್ನೇ ನಿಷೇಧಿಸಿತು.

ಆದರೆ ಕುದಿಸಿದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವಾಗುವುದಿಲ್ಲವೆಂಬುದಕ್ಕೆ ಸಾಕ್ಷಿ ಓಮನ್‌ನಲ್ಲಿಯೇ ಸಿಕ್ಕಿತ್ತು. 1989ರಲ್ಲಿ ಅಲ್ಲಿ ಆಮದಾದ ಎರಡು ದನಗಳಲ್ಲಿ 'ಹುಚ್ಚು ಹಸು ರೋಗ' ಪತ್ತೆಯಾಯಿತು. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಲಾದ ಈ ರೋಗವು ದನದ ಮಾಂಸ-ಮೂಳೆಯ ಪುಡಿಯನ್ನು ದನಕ್ಕೇ ತಿನ್ನಿಸಿದ್ದರಿಂದ ಹರಡಿತ್ತು. ಇದಕ್ಕೆ ಕಾರಣವಾದ ಪ್ರಿಯಾನ್, ಅಂದರೆ ಆಕಾರ ಕೆಟ್ಟ ಪ್ರೋಟೀನ್, ವೈರಾಣುವನ್ನು ಕೊಲ್ಲುವ ಕಾವಿಗೆ ಜಗ್ಗುವುದಿಲ್ಲ. ಹೀಗಾಗಿ ಎಷ್ಟು ಕುದಿಸಬೇಕೆಂಬುದರ ಜೊತೆಗೆ, ಯಾವುದರ ಒಡಲು ಯಾವುದರ ಬಾಯಿಗೆ ಹೋಗಬಾರದೆಂಬುದೂ ನಿಯಮವಾಯಿತು, ಮತ್ತು ಎರಡರಲ್ಲಿ ಇದೇ ಹೆಚ್ಚು ತೂಕದ್ದು.

ಐರೋಪ್ಯ ಒಕ್ಕೂಟ 2001ರಿಂದ ಮೆಲುಕು ಹಾಕುವ ಪ್ರಾಣಿಗಳಿಗೆ ಮೀನಿನ ಪುಡಿಯನ್ನೂ ನಿಷೇಧಿಸಿತು. ಮೀನಿನ ಮೇಲೆ ಗುಮಾನಿಯಿತ್ತೆಂದಲ್ಲ. ಗಿರಣಿಯಲ್ಲಿ ಅದಕ್ಕೆ ಮೂಳೆಯ ಪುಡಿ ಬೆರೆತರೆ ಕಣ್ಣಿಗೆ ತಿಳಿಯುವುದಿಲ್ಲವೆಂಬ ಭಯವಿತ್ತು. ಇಡಿಯ ಬೂತಾಯಿ ಕೊಳ್ಳುವ ಧೋಫಾರ್‌ನ ದನಗಾಹಿ ಅದರ ಕಮಟನ್ನೂ ಮರಳನ್ನೂ ನೋಡಿಕೊಳ್ಳಬೇಕಾದೀತು, ಆದರೆ ಚೀಲದಲ್ಲಿರುವುದು ಮೀನೇ ಹೌದೋ ಅಲ್ಲವೋ ಎಂದಲ್ಲ.