ಗದಗಿನ ಸಿಡಿಗಳಿಗೆ ಮುಕ್ತ ತಂತ್ರಾಂಶದ ಆಸರೆ

ಗದಗಿನ ಹಾಡಿಗೂ ತಿರುಗುವ ತಟ್ಟೆಗೂ ಹಳೆಯ ನಂಟಿದೆ. 1922ರಲ್ಲಿ ಈ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿ ಅವರನ್ನು ಸಂಗೀತದ ಕಡೆಗೆ ಎಳೆದದ್ದು ಅಬ್ದುಲ್ ಕರೀಂ ಖಾನ್ ಹಾಡಿದ ಝಿಂಝೋಟಿ ಠುಮರಿಯ ಒಂದು ಗ್ರಾಮಫೋನ್ ರೆಕಾರ್ಡು. ಆ ದನಿಗೆ ಮರುಳಾದ ಹುಡುಗ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಮುಂದೆ ಅವರದೇ ಹಾಡು ರೆಕಾರ್ಡಾಗಿ, ಕ್ಯಾಸೆಟ್ಟಾಗಿ, ಕೊನೆಗೆ ಸಿಡಿಯಾಗಿ ಊರಿಗೆ ಮರಳಿ ಬಂತು.

ರೆಕಾರ್ಡು ಒತ್ತಲು ಕಾರ್ಖಾನೆ ಬೇಕಿತ್ತು. ಸಿಡಿಗೆ ಅದು ಬೇಕಾಗಲಿಲ್ಲ. ಒಂದು ಕಂಪ್ಯೂಟರು, ಒಂದು ರೈಟರು, ಖಾಲಿ ತಟ್ಟೆಗಳ ಒಂದು ಡಬ್ಬಿ ಇದ್ದರೆ ಯಾರು ಬೇಕಾದರೂ ಸಿಡಿ ಹೊಡೆಯಬಹುದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಗದಗ-ಬೆಟಗೇರಿಯಲ್ಲೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲೂ ಫೋಟೊ ಸ್ಟುಡಿಯೊ, ಕಂಪ್ಯೂಟರ್ ಸೆಂಟರ್‌ಗಳಿಗೆ ಇದು ದಿನದ ಕೆಲಸವಾಗಿತ್ತು. ಮದುವೆ, ಕುಪ್ಪಸ, ಜಾತ್ರೆಯ ತೇರು, ಮಠದ ಪ್ರವಚನ, ಊರ ಹುಡುಗರು ಆಡಿದ ಸಾಮಾಜಿಕ ನಾಟಕ, ಭಜನಾ ಮೇಳದ ರಾತ್ರಿ ಹಾಡು ಎಲ್ಲವೂ ತಟ್ಟೆಗಿಳಿದವು. ಇವು ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಬಹಳಷ್ಟಕ್ಕೆ ಒಂದೋ ಎರಡೋ ಪ್ರತಿ ಮಾತ್ರ ಇವೆ, ಅವೂ ಮನೆಯ ಕಪಾಟಿನಲ್ಲಿ.

ಆ ತಟ್ಟೆಗಳಿಗೀಗ ಹದಿನೈದು, ಇಪ್ಪತ್ತು ವರ್ಷ ವಯಸ್ಸು. ಪೂರ್ತಿ ಕೆಡುವ ಮೊದಲು ಅವುಗಳನ್ನು ಸರಿಯಾಗಿ ಓದಿ ನಕಲು ಮಾಡಬಲ್ಲ ತಂತ್ರಾಂಶಗಳು ದುಡ್ಡಿಲ್ಲದೆ ಸಿಗುತ್ತವೆ. ಅವುಗಳ ಹಿಂದೆ ಮೂವತ್ತು ವರ್ಷಗಳ ದುಡಿಮೆಯಿದೆ.

ಕೆಟ್ಟ ತಟ್ಟೆಗಳ ಕಾಲ

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಹಾಡಿನ ಸಿಡಿಯ ನಿಯಮಗಳನ್ನು 1980ರಲ್ಲಿ ಗೊತ್ತು ಮಾಡಿದವು, 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂತು. ಅದು ಕೇಳಲು ಮಾತ್ರ. ಬರೆಯಬಹುದಾದ ತಟ್ಟೆಯನ್ನು ಜಪಾನಿನ ತೈಯೊ ಯೂಡೆನ್ ಕಂಪನಿ 1988ರಲ್ಲಿ ತೋರಿಸಿತು. ಅದರಲ್ಲಿ ಒಂದು ತೆಳು ಬಣ್ಣದ ಪದರವಿರುತ್ತದೆ. ಲೇಸರ್ ಕಿರಣ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ, ಓದುವಾಗ ಆ ಗುರುತುಗಳೇ ಹಾಡೋ ಚಿತ್ರವೋ ಆಗುತ್ತವೆ. ಮೊದಮೊದಲು ಬರೆಯುವ ಯಂತ್ರಕ್ಕೆ ಸಾವಿರಾರು ಡಾಲರ್ ಬೆಲೆಯಿತ್ತು. 1995ರಲ್ಲಿ ಎಚ್‌ಪಿ ಸಾವಿರ ಡಾಲರ್‌ಗಿಂತ ಕಡಿಮೆಗೆ ಒಂದನ್ನು ತಂದ ಮೇಲೆ ದಾರಿ ಸಲೀಸಾಯಿತು.

ಆದರೆ ಬರೆಯುವುದು ಸುಲಭವಿರಲಿಲ್ಲ. ತಟ್ಟೆ ತಿರುಗುತ್ತಿರುವಾಗ ಕಂಪ್ಯೂಟರಿನಿಂದ ಮಾಹಿತಿ ಒಂದು ಕ್ಷಣ ತಡವಾದರೂ ಆ ತಟ್ಟೆ ದಂಡ. ಅದಕ್ಕೇ ಸಿಡಿ ರೈಟ್ ಆಗುವಾಗ ಮೌಸ್ ಮುಟ್ಟಬೇಡ ಎಂದು ಹುಡುಗರನ್ನು ಗದರುವುದಿತ್ತು. 2000ದಲ್ಲಿ ಸಾನ್ಯೊ ಕಂಪನಿ ‘ಬರ್ನ್‌-ಪ್ರೂಫ್’ ಎಂಬ ಉಪಾಯ ಕಂಡುಹಿಡಿಯಿತು. ಮಾಹಿತಿ ನಿಂತರೆ ಲೇಸರ್ ಕೂಡ ನಿಂತು, ಬಿಟ್ಟ ಜಾಗದಿಂದಲೇ ಮುಂದುವರಿಯುವ ಉಪಾಯವದು. ಕರೆಂಟು ಹೋದರೆ ಮಾತ್ರ ಅದಕ್ಕೂ ದಾರಿಯಿರಲಿಲ್ಲ. ಲೋಡ್‌ಶೆಡ್ಡಿಂಗ್ ಊರುಗಳಲ್ಲಿ ಯುಪಿಎಸ್ ಇಲ್ಲದೆ ಸಿಡಿ ಹೊಡೆಯುವುದೆಂದರೆ ತಟ್ಟೆ ಕಳೆದುಕೊಳ್ಳುವುದೇ.

ಆಗ ಎಲ್ಲರ ಬಾಯಲ್ಲಿದ್ದ ತಂತ್ರಾಂಶ ಜರ್ಮನಿಯ ‘ನೀರೊ’. 1997ರಲ್ಲಿ ಬಂದ ಅದು ರೈಟರ್ ಕೊಂಡವರಿಗೆ ಜೊತೆಯಲ್ಲೇ ಸಿಗುತ್ತಿತ್ತು. ಹಾಗೆ ಸಿಕ್ಕ ಪ್ರತಿ ಅದೇ ಬ್ರಾಂಡಿನ ಯಂತ್ರಕ್ಕೆ ಕಟ್ಟುಬಿದ್ದಿರುತ್ತಿತ್ತು. ಯಂತ್ರ ಕೆಟ್ಟು ಬೇರೆ ಬ್ರಾಂಡ್ ತಂದರೆ ತಂತ್ರಾಂಶಕ್ಕೆ ಮತ್ತೆ ದುಡ್ಡು ತೆರಬೇಕು, ಇಲ್ಲವೇ ಯಾರದೋ ಸೀರಿಯಲ್ ನಂಬರ್ ಹಾಕಬೇಕು. ಎಷ್ಟೋ ಕಡೆ ಜನ ಎರಡನೆಯ ದಾರಿ ಹಿಡಿದರು.

ಒಬ್ಬ ಬರೆದದ್ದು, ಹಲವರು ಕಟ್ಟಿದ್ದು

ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಮೂರನೆಯ ದಾರಿಯೊಂದು ಅಷ್ಟರಲ್ಲೇ ತೆರೆದಿತ್ತು. 1993ರಲ್ಲಿ ಎರಿಕ್ ಯಂಗ್‌ಡೇಲ್ ಎಂಬ ಪ್ರೋಗ್ರಾಮರ್ ‘ಎಂಕೆಐಸೊಎಫ್‌ಎಸ್’ ಬರೆದರು. ಕಂಪ್ಯೂಟರಿನ ಕಡತಗಳನ್ನು ಸಿಡಿಗೆ ಹೊಂದುವ ಹಾಗೆ ಜೋಡಿಸಿ ಒಂದೇ ಇಮೇಜ್ ಫೈಲ್ ಮಾಡುವುದು ಅದರ ಕೆಲಸ. ಆ ಇಮೇಜನ್ನು ತಟ್ಟೆಗೆ ಬರೆಯುವ ‘ಸಿಡಿರೆಕಾರ್ಡ್’ 1996ರಲ್ಲಿ ಬಂತು. ಅದನ್ನು ಬರೆದವರು ಬರ್ಲಿನ್ನಿನ ಯಾರ್ಗ್ ಶಿಲಿಂಗ್. ಒಂದೊಂದು ಕಂಪನಿಯ ರೈಟರೂ ಒಂದೊಂದು ಬಗೆಯಲ್ಲಿ ನಡೆದುಕೊಳ್ಳುತ್ತಿದ್ದ ಕಾಲದಲ್ಲಿ ಅವೆಲ್ಲವನ್ನೂ ಒಂದೇ ಆಜ್ಞೆಗೆ ಒಗ್ಗಿಸಿದ್ದು ಅವರ ಹಿರಿಮೆ. 2021ರಲ್ಲಿ ಅವರು ತೀರಿಕೊಂಡರು.

ಹಾಡಿನ ಸಿಡಿ ಓದುವ ಸಮಸ್ಯೆ ಬೇರೆಯದೇ ಆಗಿತ್ತು. ಹಾಡಿನ ಒಂದು ಸೆಕೆಂಡನ್ನು ಸಿಡಿಯಲ್ಲಿ 75 ತುಂಡುಗಳಾಗಿ ಇಡಲಾಗುತ್ತದೆ, ಒಂದೊಂದು ತುಂಡು 2,352 ಬೈಟ್. ಕಡತಗಳ ಸಿಡಿಯಲ್ಲಿ ಅದೇ ತುಂಡಿನಲ್ಲಿ 2,048 ಬೈಟ್ ಮಾತ್ರ ಮಾಹಿತಿ. ಉಳಿದ ಜಾಗ ವಿಳಾಸಕ್ಕೆ ಮತ್ತು ತಪ್ಪು ತಿದ್ದುವ ಲೆಕ್ಕಕ್ಕೆ ಮೀಸಲು. ಹಾಡಿನ ಸಿಡಿಗೆ ಆ ಹೆಚ್ಚಿನ ಕಾವಲು ಇಲ್ಲ. ಗೀರು ಬಿದ್ದ ಜಾಗದಲ್ಲಿ ಯಂತ್ರ ಅಂದಾಜಿನ ದನಿ ತುಂಬಿ ಮುಂದೆ ಹೋಗಿಬಿಡುತ್ತದೆ, ತಂಬೂರಿಯ ನಡುವೆ ಚಟ್ ಎನ್ನುವ ಸದ್ದು ಉಳಿಯುತ್ತದೆ. 1990ರ ದಶಕದ ಕೊನೆಗೆ ಕ್ರಿಸ್ಟೋಫರ್ ಮಾಂಟ್‌ಗೊಮೆರಿ ಬರೆದ ‘ಸಿಡಿಪ್ಯಾರನೋಯಾ’ ಇದಕ್ಕೆ ಪರಿಹಾರ ಕೊಟ್ಟಿತು. ಅದು ಒಂದೇ ಜಾಗವನ್ನು ಮತ್ತೆ ಮತ್ತೆ, ಅಕ್ಕಪಕ್ಕದ ತುಂಡುಗಳ ಅಂಚು ಸೇರಿಸಿ ಓದುತ್ತದೆ, ಹೊಂದಿಕೆಯಾದದ್ದನ್ನಷ್ಟೇ ಒಪ್ಪುತ್ತದೆ. ನಿಧಾನವಾದರೂ ನಂಬಬಹುದಾದ ಓದು ಅದು.

ಇವೆಲ್ಲ ಅಕ್ಷರದ ಆಜ್ಞೆಗಳಿಂದ ನಡೆಯುವಂಥವು. ಸಾಮಾನ್ಯ ಜನರಿಗೆ ಬಟನ್ನು, ಕಿಟಕಿ ಬೇಕು. ಜರ್ಮನಿಯ ಸೆಬಾಸ್ಟಿಯನ್ ಟ್ರೂಗ್ ವಿದ್ಯಾರ್ಥಿಯಾಗಿದ್ದಾಗ 1998ರಲ್ಲಿ ಆರಂಭಿಸಿದ ‘ಕೆ3ಬಿ’ ಅದನ್ನು ಒದಗಿಸಿತು. 2007ರ ಮಾರ್ಚ್‌ನಲ್ಲಿ ಅದರ 1.0 ಆವೃತ್ತಿ ಬರುವ ಹೊತ್ತಿಗೆ ಹಾಡಿನ ಸಿಡಿ, ಕಡತದ ಸಿಡಿ, ಡಿವಿಡಿ, ನಮ್ಮ ಸ್ಟುಡಿಯೊಗಳು ಮದುವೆಗೆ ಕೊಡುತ್ತಿದ್ದ ವಿಸಿಡಿ ಎಲ್ಲವನ್ನೂ ಅದು ಮಾಡುತ್ತಿತ್ತು.

ಈ ತಂತ್ರಾಂಶಗಳು ಹರಡಿದ್ದೂ ಸಿಡಿಯ ಮೂಲಕವೇ. ವಿಂಡೋಸ್ ಬದಲು ಬಳಸಬಹುದಾದ ಮುಕ್ತ ವ್ಯವಸ್ಥೆ ಉಬುಂಟು ಲಿನಕ್ಸನ್ನು ಹೊರತರುವ ಕೆನಾನಿಕಲ್ ಸಂಸ್ಥೆ 2005ರಿಂದ 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಸಿಡಿ ಕಳಿಸುತ್ತಿತ್ತು, ಅಂಚೆ ಖರ್ಚೂ ಅದರದೇ. ಆ ಸಿಡಿಯನ್ನು ಎಷ್ಟು ಜನಕ್ಕೆ ಬೇಕಾದರೂ ನಕಲು ಮಾಡಿ ಹಂಚಲು ಪರವಾನಗಿಯೇ ಅನುಮತಿ ಕೊಟ್ಟಿತ್ತು. ಕೇಂದ್ರ ಸರ್ಕಾರವೂ 2005ರಲ್ಲಿ ತಮಿಳು, ಹಿಂದಿಯಿಂದ ಆರಂಭಿಸಿ ಭಾರತೀಯ ಭಾಷೆಗಳ ತಂತ್ರಾಂಶಗಳ ಸಿಡಿಗಳನ್ನು ಉಚಿತವಾಗಿ ಹಂಚಿತು. ಕನ್ನಡದ ಸಿಡಿಯೂ ಬಂತು.

2006ರ ಒಡಕು

2006ರಲ್ಲಿ ಈ ಲೋಕದಲ್ಲಿ ದೊಡ್ಡ ಜಗಳವೇ ನಡೆಯಿತು. ಶಿಲಿಂಗ್ ತಮ್ಮ ತಂತ್ರಾಂಶದ ಬಹುಭಾಗವನ್ನು ಸನ್ ಕಂಪನಿಯ ‘ಸಿಡಿಡಿಎಲ್’ ಪರವಾನಗಿಗೆ ಬದಲಾಯಿಸಿದರು. ಅದು ಉಳಿದ ಭಾಗದ ಹಳೆಯ ‘ಜಿಪಿಎಲ್’ ಪರವಾನಗಿಯ ಜೊತೆ ಹೊಂದುವುದಿಲ್ಲ ಎಂದು ಡೆಬಿಯನ್ ಲಿನಕ್ಸ್ ತಂಡ ವಾದಿಸಿತು. ಹೊಂದುತ್ತದೆ ಎಂದು ಶಿಲಿಂಗ್ ಪಟ್ಟು ಹಿಡಿದರು. ಕೊನೆಗೆ ಡೆಬಿಯನ್ ತಂಡ ಹಳೆಯ ಪರವಾನಗಿಯ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಎತ್ತಿಕೊಂಡು ‘ಸಿಡಿಆರ್‌ಕಿಟ್’ ಎಂಬ ಕವಲು ಮಾಡಿತು. ಅದರಲ್ಲಿ ಬರೆಯುವ ಆಜ್ಞೆಯ ಹೆಸರು ‘ವೋಡಿಮ್’.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘದ ಪರಂಪರೆ ಬಲ್ಲವರಿಗೆ ಹೀಗೆ ಕವಲು ಮಾಡಿಕೊಳ್ಳುವ ಹಕ್ಕಿನ ಬಲ ಅರ್ಥವಾಗುತ್ತದೆ. ಆಸ್ತಿ ಸದಸ್ಯರೆಲ್ಲರದಾದಾಗ ಒಬ್ಬರ ಮುನಿಸಿನಿಂದ ಅದು ಮುಳುಗುವುದಿಲ್ಲ. ಕಂಪನಿಯೊಂದು ಮುಚ್ಚಿಟ್ಟ ತಂತ್ರಾಂಶವಾಗಿದ್ದರೆ ಇಂಥ ಜಗಳ ನಡೆದ ದಿನವೇ ಬಳಕೆದಾರರು ಬೀದಿಗೆ ಬೀಳುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಸಿಡಿಆರ್‌ಕಿಟ್ 2010ರ ನಂತರ ಹೊಸ ಆವೃತ್ತಿ ಕಾಣದಿದ್ದರೂ ‘ಲಿಬ್‌ಬರ್ನಿಯಾ’ ಎಂಬ ಇನ್ನೊಂದು ಯೋಜನೆ ಥಾಮಸ್ ಶ್ಮಿಟ್ ಅವರ ಆರೈಕೆಯಲ್ಲಿ ಬೆಳೆದು ಸಿಡಿ ಬರೆಯುವ ‘ಎಕ್ಸ್‌ಆರಿಸೊ’ ಕೊಟ್ಟಿತು. ‘ಎಕ್ಸ್‌ಎಫ್‌ಬರ್ನ್’, ‘ಬ್ರಸೆರೊ’ ಎಂಬ ಬಟನ್ನು, ಕಿಟಕಿಯ ತಂತ್ರಾಂಶಗಳು ಈ ಯೋಜನೆಯ ಬಲದಿಂದ ನಡೆಯುತ್ತವೆ.

ಈಗ ಯಾವುದನ್ನು ಆರಿಸಬೇಕು?

ಲಿನಕ್ಸ್ ಇದ್ದವರಿಗೆ ಕೆ3ಬಿ ಮೊದಲ ಆಯ್ಕೆ. ಕಂಪ್ಯೂಟರು ಹಳೆಯದಾಗಿದ್ದರೆ ಹಗುರವಾದ ಎಕ್ಸ್‌ಎಫ್‌ಬರ್ನ್ ಸಾಕು. ವಿಂಡೋಸ್ ಇದ್ದವರಿಗೆ ‘ಸಿಡಿಆರ್‌ಟಿಎಫ್‌ಇ’ ಇದೆ. ಶಿಲಿಂಗ್ ಅವರ ಸಿಡಿರೆಕಾರ್ಡಿಗೆ ಬಟನ್ನು, ಕಿಟಕಿ ಕೂಡಿಸಿದ ಮುಕ್ತ ತಂತ್ರಾಂಶ ಅದು. ಇದೇ ಬಗೆಯ ‘ಇನ್‌ಫ್ರಾರೆಕಾರ್ಡರ್’ ಒಳ್ಳೆಯದೇ ಆದರೂ 2012ರಿಂದ ಈಚೆಗೆ ಬೆಳೆದಿಲ್ಲ. ‘ಇಮ್ಜ್‌ಬರ್ನ್’, ‘ಸಿಡಿಬರ್ನರ್‌ಎಕ್ಸ್‌ಪಿ’ ದುಡ್ಡಿಲ್ಲದೆ ಸಿಗುತ್ತವೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತವೆ. ಆದರೆ ಅವುಗಳ ಸೋರ್ಸ್ ಕೋಡ್ ಯಾರಿಗೂ ಸಿಗದು. ಎರಡರ ಇನ್‌ಸ್ಟಾಲರ್‌ನಲ್ಲೂ ಒಂದು ಕಾಲಕ್ಕೆ ಜಾಹೀರಾತು ತಂತ್ರಾಂಶ ಸೇರಿಕೊಂಡಿತ್ತು. ಇಮ್ಜ್‌ಬರ್ನ್‌ನ ಕೊನೆಯ ಆವೃತ್ತಿ ಬಂದದ್ದು 2013ರಲ್ಲಿ, ಮುಂದೆ ಅದನ್ನು ಬೇರೆಯವರು ಬೆಳೆಸುವಂತೆಯೂ ಇಲ್ಲ.

ಹಾಡಿನ ಸಿಡಿಯನ್ನು ಕಂಪ್ಯೂಟರಿಗೆ ಇಳಿಸಲು ‘ಫ್ರೀಎಸಿ’ ಒಳ್ಳೆಯದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಎಂಪಿ3 ಬದಲು ‘ಫ್ಲ್ಯಾಕ್’ ಆರಿಸಬೇಕು. ಫ್ಲ್ಯಾಕ್ ಗಾತ್ರ ಕಡಿಮೆ ಮಾಡಿದರೂ ದನಿಯ ಒಂದು ಕಣವನ್ನೂ ಬಿಡುವುದಿಲ್ಲ, ಅದರಿಂದ ಮತ್ತೆ ಮೂಲದಂಥದೇ ಸಿಡಿ ಮಾಡಬಹುದು.

ಫೋಟೊ ಮತ್ತು ಕಡತಗಳಿದ್ದ ಗೀರುಬಿದ್ದ ಸಿಡಿಗೆ ‘ಜಿಎನ್‌ಯು ಡಿಡಿರೆಸ್ಕ್ಯೂ’ ಇದೆ. ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳ ಪಟ್ಟಿ ಇಟ್ಟುಕೊಂಡು, ಆಮೇಲೆ ಅವುಗಳಿಗೆ ಮರಳುವುದು ಅದರ ರೀತಿ. ಒಂದೇ ಮದುವೆಯ ಫೋಟೊ ಸಿಡಿ ಲಕ್ಷ್ಮೇಶ್ವರದ ಮಾವನ ಮನೆಯಲ್ಲೊಂದು, ಮುಂಡರಗಿಯ ಅತ್ತೆಯ ಮನೆಯಲ್ಲೊಂದು ಇದ್ದು ಎರಡೂ ಕೆಟ್ಟಿದ್ದರೂ, ಕೆಟ್ಟ ಜಾಗಗಳು ಬೇರೆ ಬೇರೆಯಾಗಿದ್ದರೆ ಎರಡನ್ನೂ ಕೂಡಿಸಿ ಪೂರ್ತಿ ಪ್ರತಿ ಪಡೆಯಬಹುದು. ಎರಡೂ ಒಂದೇ ಇಮೇಜಿನಿಂದ ಬರೆದವಾಗಿರಬೇಕು, ಅಷ್ಟೆ.

ಹಕ್ಕಿನ ಪ್ರಶ್ನೆಯನ್ನೂ ಮರೆಯುವಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ ಇರುತ್ತದೆ. 1964ರಲ್ಲಿ ಬಂದ ರೆಕಾರ್ಡಿನ ಹಕ್ಕು 2024ರ ಕೊನೆಗೆ ಮುಗಿದಿದೆ. ಹಾಡು ಬರೆದವರ, ರಾಗ ಕೂಡಿಸಿದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಮನೆಯ ಮದುವೆ, ಊರ ಭಜನೆಯನ್ನು ಮನೆಯವರಿಗಾಗಿ ಉಳಿಸಿಕೊಳ್ಳಲು ಯಾರೂ ಹಿಂಜರಿಯಬೇಕಿಲ್ಲ. ಅಂಗಡಿಯ ಸಿಡಿಯನ್ನು ನಕಲು ಹೊಡೆದು ಮಾರುವುದು ಮಾತ್ರ ಕಳವೇ.

ಗವಾಯಿಗಳ ಊರಿಗೆ ಸಲ್ಲುವ ಕಾರಣ

ಮುಕ್ತ ತಂತ್ರಾಂಶವನ್ನೇ ಆರಿಸಬೇಕೆನ್ನಲು ಗದಗಿಗೆ ಇನ್ನೊಂದು ಕಾರಣವಿದೆ. ಇದು ವೀರೇಶ್ವರ ಪುಣ್ಯಾಶ್ರಮದ ಊರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದ ನೆಲೆ. ಗುರುಗಳಿಬ್ಬರೂ ಸ್ವತಃ ಅಂಧರು. ಕಣ್ಣು ಕಾಣದ ಸಂಗೀತಗಾರನಿಗೆ ತನ್ನ ಕಛೇರಿಯ ಸಿಡಿಯನ್ನು ತಾನೇ ನಕಲು ಮಾಡಿಕೊಳ್ಳುವ ಸ್ವಾತಂತ್ರ್ಯ ಸಣ್ಣದಲ್ಲ.

ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ವಿಂಡೋಸ್ ಪರದೆಯನ್ನು ಓದಿ ಹೇಳುತ್ತದೆ. ಲಿನಕ್ಸಿನಲ್ಲಿ ಅದೇ ಕೆಲಸಕ್ಕೆ ‘ಆರ್ಕಾ’ ಇದೆ. ಎರಡೂ ಮುಕ್ತ ತಂತ್ರಾಂಶಗಳೇ. ಅವುಗಳ ಜೊತೆ ನಡೆಯುವ ‘ಇಸ್ಪೀಕ್ ಎನ್‌ಜಿ’ ಕನ್ನಡವನ್ನೂ ಓದುತ್ತದೆ. ಚಿತ್ರದ ಬಟನ್ನುಗಳು ತುಂಬಿದ ತಂತ್ರಾಂಶ ಕಣ್ಣು ಕಾಣದವರಿಗೆ ಎಷ್ಟೋ ಸಲ ಮೂಕ ಗೋಡೆ. ಸಿಡಿರೆಕಾರ್ಡ್, ವೋಡಿಮ್‌ನಂಥವು ಒಂದು ಸಾಲಿನ ಆಜ್ಞೆ ಪಡೆದು ಅಕ್ಷರದಲ್ಲೇ ಉತ್ತರ ಕೊಡುವುದರಿಂದ ಆ ಉತ್ತರ ಕಿವಿಗೆ ಬೀಳುತ್ತದೆ. ಹಳೆಯ ಕಾಲದ್ದೆಂದು ಬದಿಗೆ ಸರಿಸಿದ ಅಕ್ಷರದ ಆಜ್ಞೆಯೇ ಇಲ್ಲಿ ಹೆಚ್ಚು ಕೈಗೆಟಕುವ ದಾರಿ.

ಯಾವ ತಂತ್ರಾಂಶ ಬಳಸಿದರೂ ತಡ ಮಾಡುವಂತಿಲ್ಲ. ಬರೆದ ಸಿಡಿಯ ಶತ್ರುಗಳು ಬಿಸಿಲು, ಧೂಳು ಮತ್ತು ಬಾಲ್‌ಪೆನ್. ಬಣ್ಣದ ಪದರ ಸೆಖೆಗೆ ಕೆಡುತ್ತದೆ, ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಹೊಳೆಯುವ ಪದರವಿರುವುದು ಹೆಸರು ಬರೆಯುವ ಮೇಲ್ಮೈಯ ಕೆಳಗೇ, ಅದರ ಮೇಲಿರುವುದು ತೆಳು ವಾರ್ನಿಶ್ ಮಾತ್ರ. ಪೆನ್ನಿನ ಒತ್ತಿಗೂ ಅಂಟಿಸಿದ ಕಾಗದಕ್ಕೂ ಅದು ಕಿತ್ತುಬರುತ್ತದೆ.

ಆದ್ದರಿಂದ ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳವರಿಗೆ, ಮಠಗಳಿಗೆ, ಭಜನಾ ಮಂಡಳಿಗಳಿಗೆ, ಹಳೆಯ ಸ್ಟುಡಿಯೊಗಳವರಿಗೆ ಒಂದು ವಿನಂತಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಡ್ರೈವ್ ಬರುತ್ತಿಲ್ಲ, ಯುಎಸ್‌ಬಿಗೆ ಹಚ್ಚುವ ಡ್ರೈವ್ ಇನ್ನೂ ಸಿಗುತ್ತದೆ. ನಾಲ್ಕಾರು ಮನೆಯವರು ಕೂಡಿ ಒಂದನ್ನು ತಂದುಕೊಳ್ಳಿ. ಬರುವ ಬೇಸಿಗೆಗೆ ಮೊದಲು ಕಪಾಟಿನ ಸಿಡಿಗಳನ್ನು ಹೊರತೆಗೆದು, ಒಂದೇ ಪ್ರತಿ ಇರುವವನ್ನು ಮುಂದಿಟ್ಟುಕೊಂಡು, ಹಾಡನ್ನು ಫ್ರೀಎಸಿಯಲ್ಲಿ, ಕಡತವನ್ನು ಡಿಡಿರೆಸ್ಕ್ಯೂದಲ್ಲಿ ಇಳಿಸಿಕೊಳ್ಳಿ. ಇಳಿಸಿದ್ದನ್ನು ಎರಡು ಬೇರೆ ಜಾಗಗಳಲ್ಲಿಡಿ. ಹಾಡಿದವರ ಹೆಸರು, ಊರು, ವರ್ಷವನ್ನು ಕಡತದ ಹೆಸರಿನಲ್ಲೇ ಬರೆದಿಡಿ.