ಮುದಿ ಬೆಕ್ಕು ಆಹಾರ ಬಿಟ್ಟಾಗ

ಕಣಜವಿದ್ದ ಮನೆಯಲ್ಲಿ ಬೆಕ್ಕೂ ಇರುವುದು ನಮ್ಮ ನಾಡಿನ ಹಳೆಯ ಪದ್ಧತಿ. ರಾಗಿ, ಭತ್ತ, ಕಡಲೆಕಾಯಿ ಮೂಟೆಗಳಿಗೆ ಇಲಿ ಬೀಳದಂತೆ ಅದು ಹತ್ತಾರು ವರ್ಷ ಕಾಯುತ್ತದೆ. ದುಡಿಯುವ ಎತ್ತು ಮೇವು ಬಿಟ್ಟರೆ ಅದೇ ದಿನ ವೈದ್ಯರನ್ನು ಕರೆಸುವ ನಾವು, ಬೆಕ್ಕು ಮುದಿಯಾಗಿ ಊಟ ಬಿಟ್ಟರೆ 'ವಯಸ್ಸಾಯಿತು' ಎಂದು ಸುಮ್ಮನಾಗುತ್ತೇವೆ. ಈ ತಪ್ಪನ್ನು ನಾನೂ ಮಾಡಿದ್ದೇನೆ.

ನಮ್ಮ ಮನೆ ಬೆಂಗಳೂರಿನ ಹಲಸೂರಿನಲ್ಲಿ, ಕೆರೆಗೆ ಸಮೀಪದ ಹಳೆಯ ಬೀದಿಯೊಂದರಲ್ಲಿದೆ. ವರ್ಷದ ರಾಗಿ ಊರಿನಿಂದಲೇ ಬರುತ್ತದೆ. ಆ ಮೂಟೆಗಳನ್ನು ಕಾಯಲು ಊರಿನಿಂದಲೇ ತಂದ ಹೆಣ್ಣು ಬೆಕ್ಕಿಗೆ ಹದಿನಾಲ್ಕು ವರ್ಷವಾಗಿತ್ತು. ಅದು ತಟ್ಟೆಯ ಬಳಿ ಬಂದು, ಮೂಸಿ, ಹಿಂದಿರುಗತೊಡಗಿತು. "ಮುದುಕಿಯಾಯಿತು, ಇನ್ನೆಷ್ಟು ತಿಂದೀತು ಬಿಡಪ್ಪ" ಎಂದರು ನನ್ನ ತಾಯಿ. ಮೊಸರನ್ನಕ್ಕೆ ಇನ್ನಷ್ಟು ಮೊಸರು ಕಲಸಿ ಇಟ್ಟೆವು. ತೂಕ ಮಾಡಿದಾಗ 4.2 ಕಿಲೋಗ್ರಾಂ ಇದ್ದ ಬೆಕ್ಕು 3.3ಕ್ಕೆ ಇಳಿದಿತ್ತು. ಅಂದರೆ ಮೈಯ ಐದನೆಯ ಒಂದು ಭಾಗವೇ ಕರಗಿತ್ತು. ಪಶುವೈದ್ಯರು ಬಾಯಿ ತೆರೆದು ತೋರಿಸಿದರು: ದವಡೆಯ ಎರಡು ಹಲ್ಲುಗಳ ಬುಡದಲ್ಲಿ ಕೀವು ತುಂಬಿತ್ತು. ಬೆಕ್ಕಿಗೆ ಹಸಿವಿತ್ತು, ನೋವಿನಿಂದ ತಿನ್ನಲಾಗುತ್ತಿರಲಿಲ್ಲ.

ಬೇಸಾಯಶಾಸ್ತ್ರ ಕಲಿಸುವ ನಾನು ವಿದ್ಯಾರ್ಥಿಗಳಿಗೆ ಸದಾ ಹೇಳುವ ಮಾತೊಂದಿದೆ. ಬೆಳೆ ಹಳದಿಯಾದ ಕೂಡಲೇ ಯೂರಿಯಾ ಸುರಿಯಬೇಡಿ, ಮೊದಲು ಗಿಡ ಕಿತ್ತು ಬೇರು ನೋಡಿ. ಮನೆಯ ಬೆಕ್ಕಿನ ವಿಷಯದಲ್ಲಿ ಅದನ್ನೇ ಮರೆತಿದ್ದೆ.

ಏಕೆ ತಿನ್ನುವುದಿಲ್ಲ?

ಹಸಿವು ಕೆಡುವುದು ಮುಪ್ಪಿನ ಸಹಜ ಗುಣವಲ್ಲ. ಅದರ ಹಿಂದೆ ಸಾಮಾನ್ಯವಾಗಿ ಒಂದು ಕಾರಣವಿರುತ್ತದೆ. ಕೆಳಗಿನ ಚಿಹ್ನೆಗಳನ್ನು ಗಮನಿಸಿ ವೈದ್ಯರಿಗೆ ತಿಳಿಸಬೇಕು.

1. ತಲೆಯನ್ನು ಒಂದು ಕಡೆಗೆ ಓರೆ ಮಾಡಿ ಜಗಿಯುವುದು, ತುತ್ತು ಬಾಯಿಂದ ಬೀಳುವುದು, ಜೊಲ್ಲು ಸುರಿಯುವುದು: ಹಲ್ಲು ಅಥವಾ ವಸಡಿನ ರೋಗ.

2. ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುವುದು: ಮೂತ್ರಪಿಂಡದ ರೋಗ ಅಥವಾ ಸಕ್ಕರೆ ರೋಗ. ಮುದಿ ಬೆಕ್ಕುಗಳಲ್ಲಿ ಮೂತ್ರಪಿಂಡದ ರೋಗ ಬಹಳ ಸಾಮಾನ್ಯ.

3. ಆಹಾರ ಕಂಡೊಡನೆ ತುಟಿ ನೆಕ್ಕಿಕೊಂಡು ದೂರ ಸರಿಯುವುದು: ಓಕರಿಕೆ.

4. ಮೂಗು ಕಟ್ಟುವುದು: ಬೆಕ್ಕು ವಾಸನೆ ಹಿಡಿದೇ ಉಣ್ಣುವ ಪ್ರಾಣಿ. ವಾಸನೆ ಸಿಗದಿದ್ದರೆ ತಟ್ಟೆ ಮುಟ್ಟುವುದಿಲ್ಲ.

5. ಚೆನ್ನಾಗಿ ತಿಂದರೂ ಬಡಕಲಾಗುವುದು: ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ ಇರಬಹುದು.

ಹಳ್ಳಿಯ ಮನೆಗಳಲ್ಲಿ ಇನ್ನೊಂದು ಕಾರಣವನ್ನೂ ನೆನಪಿಡಬೇಕು. ಬ್ರೋಮಾಡಿಯೋಲೋನ್ ಮುಂತಾದ ಇಲಿ ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷವೇರಬಹುದು. ರಕ್ತ ಹೆಪ್ಪುಗಟ್ಟದೆ ಒಳಗೆ ಸೋರಿ, ಬೆಕ್ಕು ಮಂಕಾಗಿ ಆಹಾರ ಬಿಡುತ್ತದೆ. ಪಾಷಾಣ ಇಟ್ಟಿದ್ದರೆ ಅದರ ಹೆಸರನ್ನು ವೈದ್ಯರಿಗೆ ಮೊದಲೇ ಹೇಳಿ. ಈ ಬಗೆಯ ವಿಷಕ್ಕೆ ಕೆ1 ಜೀವಸತ್ವದ ಚಿಕಿತ್ಸೆ ಇದೆ.

ಎಷ್ಟು ದಿನ ಕಾಯಬಹುದು?

ಮುದಿ ಬೆಕ್ಕು ಒಂದು ಹಗಲು ಒಂದು ರಾತ್ರಿ ಏನನ್ನೂ ತಿನ್ನದಿದ್ದರೆ ವೈದ್ಯರನ್ನು ಕಾಣಬೇಕು. ನಾಯಿಯಂತೆ ಬೆಕ್ಕು ಉಪವಾಸ ತಾಳುವುದಿಲ್ಲ. ಎರಡು ಮೂರು ದಿನ ಹೊಟ್ಟೆ ಖಾಲಿ ಬಿಟ್ಟರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗಿ ಅಲ್ಲಿಯೇ ನಿಂತುಬಿಡಬಹುದು. ಇದರ ಭಯ ದಪ್ಪ ಬೆಕ್ಕುಗಳಿಗೇ ಹೆಚ್ಚು. ವಸಡು ಮತ್ತು ಕಿವಿಯ ಒಳಭಾಗ ಹಳದಿಯಾಗುವುದು ಇದರ ಲಕ್ಷಣ. ಆ ಹಂತಕ್ಕೆ ಬಂದ ಬೆಕ್ಕನ್ನು ಉಳಿಸುವುದು ಕಷ್ಟ.

ಮೊಸರನ್ನ ಏಕೆ ಸಾಲದು?

ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಅದು ಮಾಂಸ, ಮೀನುಗಳಲ್ಲಿ ಮಾತ್ರ ಚೆನ್ನಾಗಿ ದೊರೆಯುತ್ತದೆ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುವುದು 1975ರಲ್ಲಿಯೂ, ಹೃದಯ ದುರ್ಬಲವಾಗುವುದು 1987ರಲ್ಲಿಯೂ ಅಮೆರಿಕದ ಸಂಶೋಧಕರಿಂದ ತಿಳಿದುಬಂತು. ಕ್ಯಾರೆಟ್ಟಿನಂಥ ತರಕಾರಿಯಿಂದ 'ಎ' ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಸಿಹಿಯ ರುಚಿಯಂತೂ ಅದರ ನಾಲಿಗೆಗೆ ತಿಳಿಯುವುದೇ ಇಲ್ಲ. ಆದ್ದರಿಂದ ಬೆಲ್ಲ, ಸಕ್ಕರೆ ಬೆರೆಸಿ ಆಸೆ ತೋರಿಸುವುದು ವ್ಯರ್ಥ.

ಲೆಕ್ಕ ಹಾಕಿ ನೋಡೋಣ. ಮೂರೂವರೆ ಕಿಲೋಗ್ರಾಂ ತೂಕದ ಮುದಿ ಬೆಕ್ಕಿಗೆ ದಿನಕ್ಕೆ ಸುಮಾರು 180 ಕ್ಯಾಲೋರಿ ಶಕ್ತಿ ಮತ್ತು 20 ಗ್ರಾಂನಷ್ಟು ಸಸಾರಜನಕ ಬೇಕು. ಅನ್ನ, ಮೊಸರು ಸಮ ಪ್ರಮಾಣದಲ್ಲಿ ಕಲಸಿದ 100 ಗ್ರಾಂ ಮೊಸರನ್ನದಲ್ಲಿ ಸಸಾರಜನಕ ಸುಮಾರು 3 ಗ್ರಾಂ ಮಾತ್ರ. ಆ 20 ಗ್ರಾಂ ಪಡೆಯಲು ಬೆಕ್ಕು ಅರ್ಧ ಕಿಲೋಗ್ರಾಂಗಿಂತ ಹೆಚ್ಚು ಮೊಸರನ್ನ ತಿನ್ನಬೇಕಾಗುತ್ತದೆ! ಬೇಯಿಸಿದ ಕೋಳಿಯ ಎದೆಮಾಂಸವಾದರೆ 70 ಗ್ರಾಂ ಸಾಕು. ಅದರೊಂದಿಗೆ ಒಂದು ಬೇಯಿಸಿದ ಮೊಟ್ಟೆ ಕೊಟ್ಟರೆ ಶಕ್ತಿಯ ಲೆಕ್ಕವೂ ತುಂಬುತ್ತದೆ. ಸ್ವಲ್ಪವೇ ತಿನ್ನುವ ಪ್ರಾಣಿಗೆ ಆ ಸ್ವಲ್ಪದಲ್ಲಿಯೇ ಸತ್ವವಿರಬೇಕು.

ಆದರೆ ಮೂಳೆಯಿಲ್ಲದ ಮಾಂಸವೊಂದನ್ನೇ ತಿಂಗಳುಗಟ್ಟಲೆ ಕೊಟ್ಟರೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ. ದೀರ್ಘಕಾಲಕ್ಕೆ 'ಸಂಪೂರ್ಣ ಆಹಾರ' ಎಂದು ನಮೂದಿಸಿದ ತೇವವುಳ್ಳ ಬೆಕ್ಕಿನ ಆಹಾರ ಒಳ್ಳೆಯದು. ಇದರಲ್ಲಿ ನೀರಿನಂಶ ಶೇಕಡ 75ಕ್ಕೂ ಮಿಕ್ಕಿರುವುದರಿಂದ, ನೀರು ಕಡಿಮೆ ಕುಡಿಯುವ ಬೆಕ್ಕಿಗೆ ಅನುಕೂಲ. ಒಣ ಗುಳಿಗೆ ಆಹಾರದಲ್ಲಿ ನೀರು ಶೇಕಡ 10ರಷ್ಟೇ. ಮೂತ್ರಪಿಂಡದ ರೋಗವಿದ್ದರೆ ರಂಜಕ ಕಡಿಮೆ ಇರುವ ಆಹಾರ ಬೇಕು. ಅದನ್ನು ವೈದ್ಯರೇ ನಿರ್ಧರಿಸಲಿ.

ತಿನ್ನಿಸುವ ಕ್ರಮ

* ಆಹಾರವನ್ನು ಆಗ ಹಿಡಿದ ಇಲಿಯಷ್ಟು, ಅಂದರೆ ಮೈಶಾಖಕ್ಕೆ ಸಮನಾಗಿ ಬಿಸಿ ಮಾಡಿ ಕೊಡಿ. ಬೆಚ್ಚಗಾದರೆ ವಾಸನೆ ಏಳುತ್ತದೆ. ಕೈಗೆ ಸುಡುವಂತಿರಬಾರದು.

* ದಿನಕ್ಕೆ ಎರಡು ಊಟದ ಬದಲು ಐದಾರು ಸಲ, ಒಂದೆರಡು ಚಮಚದಂತೆ ಕೊಡಿ. ಉಳಿದದ್ದನ್ನು ಅರ್ಧ ಗಂಟೆಯಲ್ಲಿ ತೆಗೆದುಬಿಡಿ.

* ಹಲ್ಲಿಲ್ಲದ ಬೆಕ್ಕಿಗೆ ಮಾಂಸವನ್ನು ಅರೆದು, ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲಿಯೇ ಕಲಸಿ. ಟಾರಿನ್ ಆ ನೀರಿಗೆ ಇಳಿದಿರುತ್ತದೆ. ಉಪ್ಪು, ಖಾರ, ಮಸಾಲೆ ಬೇಡ.

* ಮೇಲೆ ಬೇಯಿಸಿದ ಭೂತಾಯಿ ಅಥವಾ ಬಂಗುಡೆ ಮೀನಿನ ಚೂರನ್ನು ಉದುರಿಸಿದರೆ ರುಚಿ ಹತ್ತುತ್ತದೆ. ಮುಳ್ಳು ತೆಗೆದಿರಬೇಕು.

* ಅಗಲವಾದ, ಅಂಚು ತಗ್ಗಾದ ತಟ್ಟೆಯನ್ನು ನೆಲದಿಂದ ಎರಡು ಮೂರು ಅಂಗುಲ ಎತ್ತರದಲ್ಲಿಡಿ. ಕೀಲು ನೋವಿರುವ ಬೆಕ್ಕಿಗೆ ಬಗ್ಗುವುದು ಕಷ್ಟ.

* ಬಾಯಿಗೆ ತುರುಕಬೇಡಿ. ಆ ಆಹಾರದ ಮೇಲೆಯೇ ಅದಕ್ಕೆ ಹೇಸಿಗೆ ಹುಟ್ಟುತ್ತದೆ, ಶ್ವಾಸನಾಳಕ್ಕೂ ಹೋಗಬಹುದು.

ಕೊಡಬಾರದವು

ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಮನೆಯ ಸಾರಿನಲ್ಲಿ ನೆನೆದ ತುಂಡು ಸಹ ಬೇಡ. ಹಸಿ ಮೀನು ಬಿ1 ಜೀವಸತ್ವವನ್ನು ಕೆಡಿಸಬಹುದು. ದಿನವೂ ಈಲಿ ಕೊಟ್ಟರೆ 'ಎ' ಜೀವಸತ್ವ ಮಿತಿಮೀರಿ ಮೂಳೆ ಕೆಡುತ್ತದೆ. ಹಾಲು ಅನೇಕ ಬೆಕ್ಕುಗಳಿಗೆ ಭೇದಿ ತರುತ್ತದೆ. ಮನುಷ್ಯರ ಮಾತ್ರೆ, ಮುಖ್ಯವಾಗಿ ಪ್ಯಾರಾಸಿಟಮಾಲ್, ಎಂದಿಗೂ ಕೊಡಬಾರದು. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಹಸಿವು ಹೆಚ್ಚಿಸುವ, ಓಕರಿಕೆ ನಿಲ್ಲಿಸುವ ಔಷಧಗಳು ಪಶುವೈದ್ಯರ ಬಳಿ ಇವೆ.

ತೂಕದ ಲೆಕ್ಕ

ವಾರಕ್ಕೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆದು ಬರೆದಿಡಿ. ನಾಲ್ಕು ಕಿಲೋಗ್ರಾಂ ಬೆಕ್ಕು 400 ಗ್ರಾಂ ಇಳಿದರೆ ಅದು ಶೇಕಡ 10ರ ನಷ್ಟ, ತಡಮಾಡದೆ ತೋರಿಸಬೇಕು. ದಟ್ಟ ರೋಮದಿಂದಾಗಿ ಈ ಇಳಿತ ಕಣ್ಣಿಗೆ ಬೀಳುವುದಿಲ್ಲ. ಬೆನ್ನುಮೂಳೆಯ ಮೇಲೆ ಕೈಯಾಡಿಸಿದರೂ ತಿಳಿಯುತ್ತದೆ.

ಬೆಂಗಳೂರಿನವರಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಮತ್ತು 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇವೆ. ಹಳ್ಳಿಗಳಲ್ಲಿ ಸಮೀಪದ ಪಶು ಚಿಕಿತ್ಸಾಲಯವನ್ನು ಕಾಣಬಹುದು. ಹಸು, ಕುರಿಗಳ ಜೊತೆ ಬೆಕ್ಕನ್ನು ಒಯ್ಯಲು ಸಂಕೋಚಪಡಬೇಕಿಲ್ಲ.

ನಮ್ಮ ಬೆಕ್ಕಿನ ಕೆಟ್ಟ ಹಲ್ಲುಗಳನ್ನು ವೈದ್ಯರು ಕಿತ್ತರು. ಮೂರನೆಯ ದಿನ ಅದು ಅರೆದ ಕೋಳಿಯನ್ನು ತಾನಾಗಿ ನೆಕ್ಕಿತು. ಎರಡು ತಿಂಗಳಲ್ಲಿ 3.8 ಕಿಲೋಗ್ರಾಂಗೆ ಬಂತು. ಈಗ ಇಲಿ ಹಿಡಿಯುವುದಿಲ್ಲ, ರಾಗಿ ಮೂಟೆಯ ಮೇಲೆ ಮಲಗಿರುತ್ತದೆ. ಅದಕ್ಕೆ ಮಾಂಸ ಅರೆದಿಡುವವರು ನನ್ನ ತಾಯಿಯೇ. ನಿಮ್ಮ ಮನೆಯ ಮುದಿ ಬೆಕ್ಕು ನಾಳೆ ತಟ್ಟೆ ಮೂಸಿ ಹಿಂದಿರುಗಿದರೆ, ವಯಸ್ಸನ್ನು ದೂರುವ ಮೊದಲು ಅದರ ಬಾಯಿ ತೆರೆದು ನೋಡಿ.