ಹೊಟೇಲು ಸಲಹೆಗಾರನಿಗೂ ಬೇಕು ಒಂದು ಸ್ವಂತ ಪದ್ಧತಿ

ಮುಂಬಯಿಯಲ್ಲಿರುವ ನಮ್ಮವರ ಹೊಟೇಲುಗಳ ಬಗ್ಗೆ ಬರೆದವರು ಬಹಳ ಮಂದಿ. ಆದರೆ ಪರವಾನಿಗೆ, ತೆರಿಗೆ, ಲೆಕ್ಕಪತ್ರಗಳ ಫೈಲು ಹಿಡಿದು ಲೋಕಲ್ ರೈಲಿನಲ್ಲಿ ಓಡಾಡುವ ಸಲಹೆಗಾರರ ಬಗ್ಗೆ ಬರೆದವರು ಕಡಿಮೆ. ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಬಿ.ಕಾಂ. ಮುಗಿಸಿ ಈ ವೃತ್ತಿಗೆ ಇಳಿದವರು ಹಿಂದಿನ ತಲೆಮಾರಿನಲ್ಲಿದ್ದರು. ಅವರು ಕಟ್ಟಿದ ಕಚೇರಿಗಳಲ್ಲಿ ಈಗ ಮಕ್ಕಳು, ಅಳಿಯಂದಿರು ಕುಳಿತಿದ್ದಾರೆ.

ಈ ಹೊಸಬರ ಸಂಕಟವೇ ಬೇರೆ. ಜಿಎಸ್‌ಟಿ 2017ರ ಜುಲೈ 1ರಂದು ಜಾರಿಗೆ ಬಂತು. ರಿಟರ್ನ್ ಸಲ್ಲಿಸುವುದೆಲ್ಲ ಈಗ ಪೋರ್ಟಲಿನಲ್ಲೇ. ಅಗ್ಗಕ್ಕೆ ಮಾಡಿಕೊಡುವವರು ಪ್ರತಿ ಓಣಿಯಲ್ಲೂ ಇದ್ದಾರೆ. “ಏನು ಮಾರಾಯ್ರೆ, ಕಂಪ್ಯೂಟರಿನಲ್ಲಿ ನಾಲ್ಕು ಬಟನ್ ಒತ್ತಲಿಕ್ಕೆ ಇಷ್ಟು ಹಣವೇ?” ಎಂದು ಮಾಲಕರು ಗಲ್ಲಾದಲ್ಲಿ ಕುಳಿತೇ ಕೇಳಿದರೆ ಉತ್ತರ ಕಷ್ಟ. ಎಲ್ಲರೂ ಮಾಡುವ ಕೆಲಸವನ್ನೇ ಮಾಡುವವನಿಗೆ ದರ ಇಳಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ದಾರಿ ಬೇಕಿದ್ದರೆ ತನ್ನದೇ ಆದ ಒಂದು ಪದ್ಧತಿ ಬೇಕು.

ಇದೇ ಪ್ರಶ್ನೆ 1963ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಬ್ರೂಸ್ ಹೆಂಡರ್ಸನ್ ಎಂಬವರ ಮುಂದೆಯೂ ಇತ್ತು. ಹಿಂದಿನ ನೌಕರಿ ಬಿಟ್ಟು ಬಂದಿದ್ದ ಅವರಿಗೆ ಒಂದು ಟ್ರಸ್ಟ್ ಬ್ಯಾಂಕು ಸಲಹಾ ವಿಭಾಗ ತೆರೆಯಲು ಅವಕಾಶ ಕೊಟ್ಟಿತು. ವಿಭಾಗ ಎಂದರೆ ಅವರೊಬ್ಬರೇ. ಮೊದಲ ತಿಂಗಳ ಬಿಲ್ಲು 500 ಡಾಲರ್. ಎದುರಿಗೆ ಹೆಸರುವಾಸಿಯಾದ ಹಳೆಯ ಸಲಹಾ ಸಂಸ್ಥೆಗಳು. ನಮ್ಮ ವಿಶೇಷ ಯಾವುದು ಎಂದು ಸಹೋದ್ಯೋಗಿಗಳ ಜೊತೆ ಚರ್ಚೆಗೆ ಕುಳಿತಾಗ ಹೆಂಡರ್ಸನ್ ಸೂಚಿಸಿದ್ದು ‘ವ್ಯವಹಾರ ತಂತ್ರ’. ಅದು ತೀರಾ ಅಸ್ಪಷ್ಟ, ಗಿರಾಕಿಗಳಿಗೆ ಅರ್ಥವಾಗದು ಎಂಬ ಆಕ್ಷೇಪ ಬಂತು. ಅದೇ ಒಳ್ಳೆಯದು, ಅರ್ಥವನ್ನು ನಾವೇ ಕೊಡೋಣ ಎಂಬುದು ಅವರ ನಿಲುವಾಗಿತ್ತಂತೆ. ಇಂದಿನ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಬೆಳೆದದ್ದು ಆ ವಿಭಾಗದಿಂದ.

ಆದರೆ ಹೆಸರಿಟ್ಟ ಮಾತ್ರಕ್ಕೆ ಪದ್ಧತಿ ಆಗುವುದಿಲ್ಲ. ಅವರು ಗಿರಾಕಿ ಕಂಪೆನಿಗಳ ವೆಚ್ಚದ ಅಂಕಿಗಳನ್ನು ಅಳೆದು ನೋಡಿದರು. ಒಂದು ವಸ್ತುವಿನ ಆವರೆಗಿನ ಒಟ್ಟು ಉತ್ಪಾದನೆ ಇಮ್ಮಡಿಯಾದಾಗಲೆಲ್ಲ ಅದರ ತಯಾರಿಕಾ ವೆಚ್ಚ ಸುಮಾರು ಶೇ. 20ರಿಂದ 30ರಷ್ಟು ಇಳಿಯುತ್ತದೆ ಎಂಬ ‘ಅನುಭವ ರೇಖೆ’ 1966ರಲ್ಲಿ ಹುಟ್ಟಿದ್ದು ಹಾಗೆ. ಹಾಲು ಕೊಡುವ ಹಸು, ನಕ್ಷತ್ರ ಮುಂತಾದ ಹೆಸರುಗಳ ನಾಲ್ಕು ಚೌಕದ ಚಿತ್ರ ಬಂದದ್ದು 1970ರಲ್ಲಿ. ಇವನ್ನೆಲ್ಲ ಪುಟ್ಟ ಲೇಖನಗಳಾಗಿ ಬರೆದು ಕಂಪೆನಿಗಳ ಮುಖ್ಯಸ್ಥರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಮುಂದೆ ಆ ಚೌಕವನ್ನು ಕುರುಡಾಗಿ ನಂಬಿ, ಒಳ್ಳೆಯ ವಿಭಾಗಗಳನ್ನೂ ಕೈಬಿಡುವಂತಾಯಿತು ಎಂಬ ಟೀಕೆಯೂ ಬಂದಿದೆ. ಪದ್ಧತಿ ಹೆಚ್ಚು ಸರಳವಾದರೆ ಹೀಗೂ ಆಗುವುದುಂಟು.

ದೊಡ್ಡ ಕಂಪೆನಿಯ ಕಥೆ ನಮ್ಮ ಮಾಟುಂಗಕ್ಕೆ, ಅಂಧೇರಿಗೆ ಎಲ್ಲಿಂದ ಹೊಂದಬೇಕು ಎನ್ನಬಹುದು. ಹೊಂದುತ್ತದೆ. ಒಂದು ಉದಾಹರಣೆ ನೋಡೋಣ.

ಸಾಮಾನ್ಯ ಹೊಟೇಲುಗಳಿಗೆ 2017ರ ನವೆಂಬರ್ 15ರಿಂದ ಜಿಎಸ್‌ಟಿ ಶೇ. 5. ಆದರೆ ತಾವು ಕೊಟ್ಟ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ತಿಂಗಳಿಗೆ ಒಂದು ಲಕ್ಷ ರೂಪಾಯಿ ಬಾಡಿಗೆ, ಅದರ ಮೇಲೆ ಶೇ. 18 ತೆರಿಗೆ ಎಂದಾದರೆ 18,000 ರೂಪಾಯಿ ನೇರವಾಗಿ ಖರ್ಚಿಗೆ ಸೇರುತ್ತದೆ. ವರ್ಷದ ಕೊನೆಗೆ ಮಾಲಕರಿಗೆ ಇದನ್ನು ಕಾಗದದಲ್ಲಿ ತೋರಿಸಿದರೆ ತಲೆ ಅಲ್ಲಾಡಿಸಿ ಬದಿಗಿಡುತ್ತಾರೆ. ಅದನ್ನೇ ದಿನಕ್ಕೆ ಇಳಿಸಿದರೆ 600 ರೂಪಾಯಿ. ದಿನಕ್ಕೆ 600 ಪ್ಲೇಟು ಹೋಗುವ ಹೊಟೇಲಾದರೆ ಪ್ಲೇಟಿಗೆ ಒಂದು ರೂಪಾಯಿ! ಮಾಲಕರು ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುವುದು ಆಗಲೇ. 15,000 ರೂಪಾಯಿ ಸಂಬಳದ ಒಬ್ಬ ಹುಡುಗನನ್ನು ಹೆಚ್ಚಿಗೆ ಇಟ್ಟರೆ ಪ್ಲೇಟಿಗೆ 83 ಪೈಸೆ. ಗ್ಯಾಸ್, ಹಾಲು, ಕರೆಂಟು ಎಲ್ಲವನ್ನೂ ಹೀಗೆ ಪ್ಲೇಟಿನ ಲೆಕ್ಕಕ್ಕೆ ತಂದರೆ, ದರ ಎಷ್ಟು ಏರಿಸಬೇಕು, ಯಾವ ತಿಂಡಿ ನಷ್ಟಕ್ಕೆ ಹೋಗುತ್ತಿದೆ ಎಂಬುದು ಅವರದೇ ಭಾಷೆಯಲ್ಲಿ ತಿಳಿಯುತ್ತದೆ.

ಚಹವನ್ನು ಪ್ಲೇಟೆಂದು ಎಣಿಸಬೇಕೇ, ಪಾರ್ಸೆಲಿನ ಡಬ್ಬಿ ಯಾವ ಲೆಕ್ಕಕ್ಕೆ? ಇಂಥ ಪ್ರಶ್ನೆಗಳಿಗೆ ಕಚೇರಿಯಲ್ಲಿ ಕುಳಿತರೆ ಉತ್ತರ ಸಿಗುವುದಿಲ್ಲ. ಇಪ್ಪತ್ತು ಹೊಟೇಲುಗಳಲ್ಲಿ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ, ಒಂದೇ ನೋಟು ಪುಸ್ತಕದಲ್ಲಿ ಬರೆಯುತ್ತಾ ಹೋಗಬೇಕು. ಇಪ್ಪತ್ತೊಂದನೆಯ ಹೊಟೇಲಿಗೆ ಹೋದಾಗ “ನಿಮ್ಮಷ್ಟೇ ವ್ಯಾಪಾರ ಇರುವಲ್ಲಿ ಗ್ಯಾಸ್ ಖರ್ಚು ಇಷ್ಟಿಲ್ಲ” ಎಂದು ಧೈರ್ಯದಿಂದ ಹೇಳುವ ಶಕ್ತಿ ಆ ಪುಸ್ತಕದಿಂದ ಬರುತ್ತದೆ. ಅಗ್ಗಕ್ಕೆ ರಿಟರ್ನ್ ತುಂಬುವವನ ಬಳಿ ಆ ಪುಸ್ತಕ ಇಲ್ಲ.

ನಾನು ಕಂಡುಹಿಡಿದದ್ದನ್ನು ಬೇರೆಯವರು ಕದ್ದರೆ? ಈ ಭಯ ಅನೇಕರಿಗಿದೆ. 1970ರ ಪೇಟೆಂಟ್ ಕಾಯ್ದೆಯ 3(ಕೆ) ವಿಧಿಯಂತೆ ವ್ಯವಹಾರ ಪದ್ಧತಿಗೆ ಪೇಟೆಂಟ್ ಸಿಗದು. ಕೃತಿಸ್ವಾಮ್ಯ ಸಿಗುವುದು ನೀವು ಬರೆದ ಬರಹಕ್ಕೆ, ಅದರೊಳಗಿನ ವಿಚಾರಕ್ಕಲ್ಲ. ಪದ್ಧತಿಯ ಹೆಸರನ್ನು ಬೇಕಾದರೆ ವ್ಯವಹಾರ ಸಲಹೆಗೆ ಸಂಬಂಧಿಸಿದ 35ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಮಾಡಿಸಬಹುದು. ಕದಿಯಲಾಗದ್ದು ಆ ನೋಟು ಪುಸ್ತಕ ಮತ್ತು ಅದನ್ನು ಓದಲು ನೀವು ತರಬೇತಿ ಕೊಟ್ಟ ಹುಡುಗರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಈ ಹೊಟೇಲಿನವರು ಆ ಹೊಟೇಲಿನವರ ಭಾವ, ಅವರು ಇನ್ನೊಬ್ಬರ ಸೋದರಮಾವ. ಮದುವೆ ಮಂಟಪದಲ್ಲಿ ಒಬ್ಬರ ಗಲ್ಲಾದ ಅಂಕಿ ಇನ್ನೊಬ್ಬರ ಕಿವಿಗೆ ಬಿದ್ದರೆ ಸಲಹೆಗಾರನ ಕಥೆ ಅಲ್ಲಿಗೆ ಮುಗಿಯಿತು. ಹೆಂಡರ್ಸನ್ ಅವರ ಸಂಸ್ಥೆಯಿಂದ 1973ರಲ್ಲಿ ಹೊರಬಂದ ವಿಲಿಯಂ ಬೇನ್ ಒಂದು ಉದ್ಯಮದಲ್ಲಿ ಒಂದೇ ಕಂಪೆನಿಗೆ ಸಲಹೆ ಎಂಬ ನಿಯಮವನ್ನೇ ತಮ್ಮ ವಿಶೇಷ ಮಾಡಿಕೊಂಡರು. ಒಂದೇ ಹೊಟೇಲು ಹಿಡಿದು ಕುಳಿತರೆ ಮುಂಬಯಿಯಲ್ಲಿ ಹೊಟ್ಟೆ ತುಂಬದು. ಆದುದರಿಂದ ಸರಾಸರಿ ಅಂಕಿ ಹೇಳಬಹುದು, ಯಾರದೆಂದು ಹೇಳಬಾರದು.

ಬಿಲ್ಲನ್ನೂ ಬೇರೆಯಾಗಿಯೇ ಕೊಡುವುದು ಒಳ್ಳೆಯದು. ರಿಟರ್ನ್ ಸಲ್ಲಿಕೆಗೆ ಒಂದು, ಪ್ಲೇಟಿನ ಲೆಕ್ಕಕ್ಕೆ ಇನ್ನೊಂದು. ಎರಡನ್ನೂ ಬೆರೆಸಿದರೆ ಎರಡನೆಯದು ಪುಕ್ಕಟೆಯಾಗುತ್ತದೆ. ಮೊದಲ ಪ್ರಯೋಗಕ್ಕೆ ಒಪ್ಪುವವರು ಹೆಚ್ಚಾಗಿ ಸಂಬಂಧಿಕರೇ. ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಂಜೆಯ ಚಹದ ಗಿರಾಕಿಗಳು ಬರುವ ಮೊದಲು ಹೋಗಿ ಕುಳಿತರೆ ಮಾತಾಡಲು ಸಮಯ ಸಿಗುತ್ತದೆ. ಅವರು ಹಣ ಕೊಡದಿರಬಹುದು. ಆದರೂ ಬಿಲ್ಲು ಬರೆದು ಕೈಗೆ ಕೊಟ್ಟೇ ಬರಬೇಕು.